ಒಂದೇ ರೂಮು, ನಾಲ್ಕು ಮಟ್ಟದ ಮಕ್ಳು, ಒಂದು ಗಣಿತ ಕಿಟ್: ಹೆಂಗೆ ಪಾಠ ಮಾಡೋದು?

ಪ್ರಶ್ನೆ: ಸರ್, ನಾನು ಕೊಡಗಿನ ಸಿದ್ದಾಪುರದ ಹತ್ರ ಒಂದು ಸರ್ಕಾರಿ ಶಾಲೆಲಿ 4 ಮತ್ತೆ 5ನೇ ಕ್ಲಾಸನ್ನ ಒಂದೇ ರೂಮಲ್ಲಿ ನೋಡ್ಕೊಳ್ತಿದೀನಿ, ಒಟ್ಟು 22 ಮಕ್ಳು, ಅರ್ಧಕ್ಕರ್ಧ ಲೈನ್ ಮನೆ ಮಕ್ಳು, ಅಂದ್ರೆ ತೋಟದ ಕೆಲಸದವ್ರ ಸಾಲುಮನೆಗಳಿಂದ ಬರೋರು. ಕೆಲವ್ರಿಗೆ ಎರಡಂಕಿ ಕಳೆಯೋ ಲೆಕ್ಕಾನೇ ಬರಲ್ಲ, ಮೂರು ಜನ ಮಾತ್ರ ನಾನು ಬೋರ್ಡಲ್ಲಿ ಬರೆದು ಮುಗಿಸೋಷ್ಟರಲ್ಲಿ ಉತ್ತರ ಹೇಳಿ ಸುಮ್ನೆ ಕೂತಿರ್ತಾರೆ. ಕಾಫಿ ಕೊಯ್ಲು ಟೈಮಲ್ಲಿ ಅಸ್ಸಾಂ ಕಡೆಯಿಂದ ಬಂದೋರ ಮಕ್ಳು ಸೇರ್ತಾರೆ, ಅವ್ರಿಗೆ ಕನ್ನಡಾನೇ ಗೊತ್ತಿರಲ್ಲ. ಗಣಿತ ಕಿಟ್ ಇದೆ, ತೆಗೆದ ತಕ್ಷಣ ಗಲಾಟೆ, ಆಟ ಆಡ್ತಾರೆ, ಆಮೇಲೆ ಪುಸ್ತಕದಲ್ಲಿ ಮತ್ತೆ ಅದೇ ತಪ್ಪು. ಪ್ರತಿ ಮಗುವಿನ ಮಟ್ಟಕ್ಕೆ ಪಾಠ ಮಾಡಿ ಅಂತ ತರಬೇತಿಲಿ ಹೇಳ್ತಾರೆ, ಒಬ್ಳೇ ಟೀಚರ್ ದಿನಾ ನಾಲ್ಕು ಥರ ಪಾಠ ಹೆಂಗೆ ತಯಾರು ಮಾಡೋದು? ಪೋರ್ಷನ್ ಯಾವಾಗ ಮುಗಿಸೋದು?

ಉತ್ತರ: ಮೇಡಂ, ಮೊದ್ಲು ಒಂದು ಭಾರ ಇಳಿಸಿಬಿಡಿ. ನಾಲ್ಕು ಪಾಠ ತಯಾರು ಮಾಡೋದು ಬೇಡ, ಯಾರ ಕೈಲೂ ಆಗಲ್ಲ, ಮಾಡಿದ್ರೂ ಎರಡು ವಾರಕ್ಕೆ ನಿಂತು ಹೋಗುತ್ತೆ. ಪಾಠ ಒಂದೇ ಇರ್ಲಿ, ಪ್ರಶ್ನೆ ಒಂದೇ ಇರ್ಲಿ, ಸಾಮಗ್ರಿನೂ ಒಂದೇ ಇರ್ಲಿ. ಅದರೊಳಗಿನ ಸಂಖ್ಯೆ ಬದಲಾಗ್ಲಿ, ಯಾವ ಮಗುಗೆ ಎಷ್ಟು ಆಸರೆ ಕೊಡ್ತೀವಿ ಅನ್ನೋದು ಬದಲಾಗ್ಲಿ. ಇನ್ನು ಕಿಟ್ ವಿಷ್ಯ, ನಿಮ್ಮ ಪ್ರಶ್ನೆಲಿ ನಿಜವಾದ ರೋಗ ಇರೋದು ಅಲ್ಲೇ ಅಂತ ನನಗನ್ಸುತ್ತೆ. ಮಕ್ಳು ಕಿಟ್ ಹಿಡಿದಾಗ ಕೈ ಒಂದು ಕಡೆ ಕೆಲಸ ಮಾಡ್ತಿರುತ್ತೆ, ಪುಸ್ತಕದ ಲೆಕ್ಕ ಇನ್ನೊಂದು ಕಡೆ ಇರುತ್ತೆ, ಎರಡನ್ನೂ ಯಾರೂ ಕಟ್ಟಿ ಕೊಟ್ಟಿಲ್ಲ. ಆ ಗಂಟು ಹಾಕೋದೇ ಟೀಚರ್ ಕೆಲಸ, ಕಿಟ್ ತಾನಾಗಿ ಅದನ್ನ ಮಾಡಲ್ಲ.

ಮಟ್ಟ ಅಂತಿದೀರಲ್ಲ, ಅದರ ಬಗ್ಗೆ ಮೊದ್ಲು. ಮಗುಗೆ ಮಟ್ಟ ಇರಲ್ಲ ಮೇಡಂ, ಒಂದೊಂದು ವಿಷಯದಲ್ಲಿ ಒಂದೊಂದು ಮಟ್ಟ ಇರುತ್ತೆ. ಕಳೆಯೋದ್ರಲ್ಲಿ ಹಿಂದೆ ಇರೋ ಹುಡುಗ ಅಳತೇಲಿ ಎಲ್ಲರಿಗಿಂತ ಮುಂದಿರ್ಬಹುದು, ತೂಕ ಹಾಕೋ ಜಾಗದಲ್ಲಿ ಅಪ್ಪನ ಜೊತೆ ನಿಂತು ನೋಡಿರ್ತಾನೆ. ಹಾಗಾಗಿ ವರ್ಷದ ಶುರುಲೇ ಗುಂಪು ಮಾಡಿ ಅದಕ್ಕೆ ಹೂವಿನ ಹೆಸ್ರು ಹಕ್ಕಿ ಹೆಸ್ರು ಇಟ್ಟು ಮಾರ್ಚ್‌ವರೆಗೂ ಅದರಲ್ಲೇ ಕೂರಿಸ್ಬೇಡಿ, ಮಲ್ಲಿಗೆ ಗುಂಪು ಅಂದ್ರೆ ಬುದ್ಧಿ ಕಮ್ಮಿ ಇರೋರು ಅಂತ ಮಕ್ಳಿಗೆ ಒಂದೇ ವಾರದಲ್ಲಿ ಗೊತ್ತಾಗಿಬಿಡುತ್ತೆ. ಪ್ರತಿ ಹೊಸ ಅಧ್ಯಾಯಕ್ಕೆ ಹೊಸದಾಗಿ ನೋಡಿ, ಹೊಸದಾಗಿ ಕೂರ್ಸಿ.

ನೋಡೋದು ಹೆಂಗೆ? ಉದ್ದ ಪ್ರಶ್ನೆಪತ್ರಿಕೆ ಬೇಡ. ಕಳೆಯೋದು ಶುರು ಮಾಡ್ತೀರಾ, ಚೀಟಿಲಿ ಒಂದೇ ಲೆಕ್ಕ ಕೊಡಿ: 52 − 27. ಬಂದ ಉತ್ತರ ಸರೀನಾ ತಪ್ಪಾ ಅಂತ ಮಾತ್ರ ನೋಡ್ಬೇಡಿ, ಯಾವ ತಪ್ಪು ಅಂತ ನೋಡಿ. 35 ಅಂತ ಬರೆದ ಮಗು ಏಳರಿಂದ ಎರಡನ್ನ ಕಳೆದಿದೆ, ಅಂದ್ರೆ ಅದಕ್ಕೆ 52 ಅನ್ನೋದು ಒಂದು ಸಂಖ್ಯೆ ಅಲ್ಲ, 5 ಮತ್ತೆ 2 ಅನ್ನೋ ಎರಡು ಅಂಕಿ ಪಕ್ಕಪಕ್ಕ ಕೂತಿವೆ ಅಷ್ಟೇ, ದೊಡ್ಡದ್ರಿಂದ ಚಿಕ್ಕದು ಕಳೀಬೇಕು ಅಂತ ಯಾರೋ ಹೇಳಿದ್ದನ್ನ ನಿಯತ್ತಾಗಿ ಪಾಲಿಸಿದೆ. 79 ಬರೆದ ಮಗು ಚಿಹ್ನೆ ನೋಡಿಲ್ಲ, ಅದಕ್ಕೆ ಲೆಕ್ಕ ಬರಲ್ಲ ಅಂತ ಈಗ್ಲೇ ಹೇಳಕ್ಕಾಗಲ್ಲ. 26 ಅಥವಾ 24 ಬರೆದಿದ್ರೆ ಬೆರಳಲ್ಲಿ ಹಿಂದಕ್ಕೆ ಎಣಿಸ್ತಾ ಒಂದು ತಪ್ಪಿಸ್ಕೊಂಡಿರೋ ಸಾಧ್ಯತೆ ಜಾಸ್ತಿ, ಆ ಮಗುಗೆ ಅರ್ಥ ಇದೆ, ದಾರಿ ಮಾತ್ರ ಉದ್ದ ಆಗಿದೆ. 25 ಅಂತ ಸರಿಯಾಗಿ ಬರೆದವ್ರಲ್ಲೂ ಇಬ್ರನ್ನ ಕರೆದು ಹೆಂಗೆ ಮಾಡ್ದೆ ಅಂತ ಕೇಳಿ, ಕಂಠಪಾಠದ ದಾರಿಲಿ ಬಂದೋರು ಅಲ್ಲಿ ಸಿಕ್ತಾರೆ.

ಇನ್ನೊಂದು ಪರೀಕ್ಷೆ ಇದೆ, ಚಿಕ್ಕ ಮಕ್ಳ ಗಣಿತದ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಕಾನ್‌ಸ್ಟೆನ್ಸ್ ಕಮೀ ಅವ್ರ ಹೆಸರಿನ ಜೊತೆ ಬರೋದು, ಎರಡು ನಿಮಿಷದ ಕೆಲಸ. ಮಗು ಮುಂದೆ 16 ಹುಣಸೆ ಬೀಜ ಇಟ್ಟು ಎಣಿಸಕ್ಕೆ ಹೇಳಿ, ಸ್ಲೇಟಲ್ಲಿ 16 ಅಂತ ಬರೆಸಿ. ಆಮೇಲೆ 6ರ ಸುತ್ತ ಗೆರೆ ಹಾಕಿ "ಇಷ್ಟು ಬೀಜ ತೋರ್ಸು" ಅನ್ನಿ, ಆರು ತೋರಿಸುತ್ತೆ. ಈಗ 1ರ ಸುತ್ತ ಗೆರೆ ಹಾಕಿ "ಇಷ್ಟು ತೋರ್ಸು" ಅನ್ನಿ. ಒಂದೇ ಒಂದು ಬೀಜ ಮುಂದೆ ತಳ್ಳೋ ಮಕ್ಳು ನಾಲ್ಕನೇ ಕ್ಲಾಸಲ್ಲೂ ಸಿಕ್ತಾರೆ. ಉಳಿದ ಒಂಬತ್ತು ಬೀಜ ಮಧ್ಯದಲ್ಲಿ ಅನಾಥವಾಗಿ ಬಿದ್ದಿರುತ್ತೆ, ಅದು ಮಗುಗೆ ಏನೂ ಅನ್ಸಲ್ಲ. ಈ ಮಗುಗೆ ದಶಕ, ಅಂದ್ರೆ ಹತ್ತರ ಗುಂಪು, ತಗೊಂಡು ಕಳೆಯೋದನ್ನ ಬೋರ್ಡಲ್ಲಿ ನೂರು ಸಲ ತೋರಿಸಿದ್ರೂ ಉಪಯೋಗ ಇಲ್ಲ, ಯಾಕಂದ್ರೆ ಅದರ ತಲೆಲಿ ದಶಕಾನೇ ಇಲ್ಲ.

ಈಗ ಸಾಮಗ್ರಿಗೆ ಬರೋಣ. ಕಿಟ್‌ನಲ್ಲಿ ಹತ್ತರ ದಿಂಡು, ನೂರರ ಚೌಕ, ಅಬ್ಯಾಕಸ್, ಆಟದ ನೋಟು ಎಲ್ಲಾ ಇರುತ್ತೆ, ನಾವು ಯಾವುದು ಮೊದ್ಲು ಕೈಗೆ ಸಿಗುತ್ತೋ ಅದನ್ನ ಕೊಡ್ತೀವಿ. ಆದ್ರೆ ಇವೆಲ್ಲ ಒಂದೇ ಮಟ್ಟದ್ದಲ್ಲ. ಎಲ್ಲದಕ್ಕಿಂತ ಮೊದ್ಲು ಬರ್ಬೇಕಾದ್ದು ಕಿಟ್‌ನಲ್ಲೇ ಇಲ್ದಿರೋ ಕಡ್ಡಿ ಕಟ್ಟು. ಹತ್ತು ಕಡ್ಡಿನ ಮಗು ತಾನೇ ಎಣಿಸಿ ತಾನೇ ರಬ್ಬರ್ ಬ್ಯಾಂಡ್ ಹಾಕಿದ್ರೆ ಒಳಗೆ ಹತ್ತಿದೆ ಅಂತ ಅದಕ್ಕೆ ಗ್ಯಾರಂಟಿ, ಬೇಕಾದಾಗ ಬಿಚ್ಚಿ ನೋಡ್ಬಹುದು. ದಿಂಡು ಅದರ ಮುಂದಿನ ಹೆಜ್ಜೆ, ಅದರಲ್ಲಿ ಹತ್ತು ಗೆರೆ ಕಾಣುತ್ತೆ ಆದ್ರೆ ಬಿಚ್ಚಕ್ಕಾಗಲ್ಲ, ಕೊಟ್ಟು ಹತ್ತು ಬಿಡಿ, ಅಂದ್ರೆ ಒಂದೊಂದರ ತುಂಡು, ತಗೋಬೇಕು. ನೋಟು, ಅಬ್ಯಾಕಸ್ ಕೊನೇದು. ಹತ್ತು ರೂಪಾಯಿ ನೋಟು ಒಂದು ರೂಪಾಯಿ ನಾಣ್ಯಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣಲ್ಲ ತಾನೆ, ಅಬ್ಯಾಕಸ್‌ನಲ್ಲಂತೂ ಮಣಿ ಎಲ್ಲಾ ಒಂದೇ ಗಾತ್ರ, ಯಾವ ಕಡ್ಡಿಲಿದೆ ಅನ್ನೋದ್ರಿಂದ ಮಾತ್ರ ಬೆಲೆ. 16ರ ಪರೀಕ್ಷೆಲಿ ಒಂದು ಬೀಜ ತಳ್ಳಿದ ಮಗುಗೆ ಅಬ್ಯಾಕಸ್ ಕೊಟ್ರೆ ಅದು ಮಣಿ ಆಟಾನೇ ಆಡುತ್ತೆ, ಬೇರೇನು ಮಾಡಕ್ಕಾಗುತ್ತೆ ಪಾಪ. ನಿಮ್ಮ ಕ್ಲಾಸಲ್ಲಿ ಆಗ್ತಿರೋ ಗಲಾಟೆಲಿ ಒಂದು ಪಾಲು ಇದೇ ಇರ್ಬೇಕು.

ಕಡ್ಡಿ ಕಟ್ಟಲ್ಲಿ 52 − 27 ಹೆಂಗೆ ನಡೆಯುತ್ತೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇಬ್ರು ಮಕ್ಳು, ಒಂದು ಡಬ್ಬಿ, ಒಂದು ಸ್ಲೇಟು. ಒಬ್ಬ ಕಡ್ಡಿ ಮುಟ್ಟೋನು, ಇನ್ನೊಬ್ಬ ಬರೆಯೋನು, ಮುಟ್ಟೋನು ಬರೆಯಂಗಿಲ್ಲ, ಬರೆಯೋನು ಮುಟ್ಟಂಗಿಲ್ಲ, ಮುಂದಿನ ಲೆಕ್ಕಕ್ಕೆ ಅದಲು ಬದಲು. ಐದು ಕಟ್ಟು ಎರಡು ಬಿಡಿ ಮುಂದೆ ಇದೆ. "ಏಳು ಬಿಡಿ ತೆಗಿ" ಅಂದ್ರೆ ಎರಡೇ ಇದೆ, ಹುಡುಗ ತಲೆ ಕೆರ್ಕೊಳ್ತಾನೆ. ಇಲ್ಲಿ ನೀವು ಬಾಯಿ ಬಿಡ್ಬೇಡಿ, ಹತ್ತು ಸೆಕೆಂಡ್ ಕಾಯಿರಿ. ಯಾರಾದ್ರೂ ಒಬ್ರು "ಕಟ್ಟು ಬಿಚ್ಚಣ" ಅಂತಾರೆ. ರಬ್ಬರ್ ಬ್ಯಾಂಡ್ ತೆಗೆದ ಆ ಕ್ಷಣದಲ್ಲೇ ನಿಲ್ಲಿಸಿ ಬರೆಯೋನಿಗೆ ಹೇಳಿ, ಈಗ ಇವನ ಹತ್ರ ಏನಿದೆ ಅದನ್ನ ಬರಿ. ಅವನು 5ನ್ನ ಹೊಡೆದು 4 ಬರೀತಾನೆ, 2ರ ಜಾಗದಲ್ಲಿ 12 ಬರೀತಾನೆ. ಒಟ್ಟು ಎಷ್ಟಾಯ್ತು ಈಗ ಅಂತ ಕೇಳಿ, ತುಂಬಾ ಮಕ್ಳು ಮತ್ತೆ ಎಣಿಸ್ತಾರೆ, ಎಣಿಸ್ಲಿ ಬಿಡಿ, 52ನೇ ಇದೆ ಅಂತ ಅವ್ರಿಗೇ ಸಿಗ್ಬೇಕು. ಇಷ್ಟು ವರ್ಷ ಬೋರ್ಡಲ್ಲಿ ನೋಡಿದ ಆ ಹೊಡೆದು ಬರೆಯೋ ಗುರುತು ರಬ್ಬರ್ ಬ್ಯಾಂಡ್ ಬಿಚ್ಚಿದ್ದರ ಲೆಕ್ಕ ಅಂತ ಗೊತ್ತಾಗೋದು ಇಲ್ಲೇ, ಕೈ ಕೆಲಸನೂ ಬರಹನೂ ಒಂದೇ ನಿಮಿಷದಲ್ಲಿ ನಡೆದ್ರೆ ಮಾತ್ರ. ಮೊದ್ಲರ್ಧ ಗಂಟೆ ಕಿಟ್, ಆಮೇಲೆ ಅದನ್ನ ಒಳಗಿಟ್ಟು ಪುಸ್ತಕ ತೆಗೀರಿ ಅಂದ್ರೆ ಎರಡೂ ಬೇರೆ ಬೇರೆ ವಿಷಯ ಆಗಿಬಿಡುತ್ತೆ. ಹಾಗೇ ಪಕ್ಕದ ಮನೆಯಿಂದ ಸಾಲ ತಗೋ ಅನ್ನೋದನ್ನ ದಯವಿಟ್ಟು ಬಿಟ್ಟುಬಿಡಿ, ಕಟ್ಟು ಬಿಚ್ಚು ಅನ್ನಿ ಸಾಕು, ಕೈಲಿ ನಡೆದಿದ್ದೂ ಅದೇ.

ಆಮೇಲೆ ಕಡ್ಡಿ ಬದ್ಲು ಚಿತ್ರ. ಉದ್ದ ಗೆರೆ ಅಂದ್ರೆ ಕಟ್ಟು, ಚುಕ್ಕಿ ಅಂದ್ರೆ ಬಿಡಿ. ಕಡ್ಡಿಲಿ ಬಂದ ತಕ್ಷಣ ಅಂಕಿಗೆ ಹಾರ್ಬೇಡಿ, ಚಿತ್ರದಲ್ಲಿ ನಾಲ್ಕೈದು ದಿನ ಇರ್ಲಿ, ಮನೆಲೂ ಪರೀಕ್ಷೆಲೂ ಕಡ್ಡಿ ಇಲ್ದೆ ಮಗುಗೆ ಆಸರೆ ಆಗೋದು ಆ ಗೆರೆ ಚುಕ್ಕಿನೇ. ಜೆರೋಮ್ ಬ್ರೂನರ್ ಅನ್ನೋ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಹೇಳಿದ ಕ್ರಮ ಇದು, ಮೊದ್ಲು ಕೈ, ಆಮೇಲೆ ಚಿತ್ರ, ಆಮೇಲೆ ಚಿಹ್ನೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೂ ಅನುಭವ, ಮಾತು, ಚಿತ್ರ, ಚಿಹ್ನೆ ಅಂತ ನಾಲ್ಕು ಮೆಟ್ಟಿಲು ಕೊಟ್ಟಿದಾರೆ. ಅದು 3ರಿಂದ 8 ವರ್ಷದವ್ರಿಗೆ ಅಂತ ಬರೆದಿದ್ದು ನಿಜ, ಆದ್ರೆ ಒಂಬತ್ತು ವರ್ಷದ ಮಗುಗೆ ದಶಕ ಗೊತ್ತಿಲ್ಲ ಅಂದ್ರೆ ಮೆಟ್ಟಿಲು ಅದೇ ತಾನೆ. ಬ್ರೂನರ್ ಪಟ್ಟಿಲಿ ಇಲ್ದೆ ಇರೋ ಆ ಮಾತು ಅನ್ನೋ ಮೆಟ್ಟಿಲನ್ನೇ ನಮ್ಮ ಕ್ಲಾಸಲ್ಲಿ ಜಾಸ್ತಿ ಹಾರಿಸಿಬಿಡ್ತೀವಿ. ಏನು ಮಾಡ್ದೆ ಅಂತ ಮಗು ಬಾಯಲ್ಲಿ ಹೇಳ್ಬೇಕು, ಕನ್ನಡದಲ್ಲಿ ಆಗ್ಲಿಲ್ಲ ಅಂದ್ರೆ ತನ್ನ ಭಾಷೆಲಿ ಪಕ್ಕದವ್ನಿಗೆ ಹೇಳ್ಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, 22 ಮಕ್ಳಿಗೆ ಒಂದೇ ಪಾಠ ಹೆಂಗೆ. ಬೋರ್ಡಲ್ಲಿ ಒಂದು ಕಥೆ ಲೆಕ್ಕ ಬರೀರಿ, ಸಂಖ್ಯೆ ಜಾಗ ಖಾಲಿ ಬಿಡಿ. "ಅಮ್ಮ ___ ಕೆಜಿ ಕಾಫಿ ಹಣ್ಣು ಕೊಯ್ದ್ರು, ಚಿಕ್ಕಮ್ಮ ___ ಕೆಜಿ ಕೊಯ್ದ್ರು. ಅಮ್ಮಂದು ಎಷ್ಟು ಜಾಸ್ತಿ?" ಮೊದಲ ಹತ್ತು ನಿಮಿಷ ಸಂಖ್ಯೆ ಇಲ್ದೆ ಬರೀ ಕಥೆ ಮಾತಾಡಿ. ಯಾರದ್ದು ಜಾಸ್ತಿ, ಏನು ಕೇಳ್ತಿದಾರೆ, ಕೂಡಬೇಕಾ ಕಳೀಬೇಕಾ. ಜಾಸ್ತಿ ಅನ್ನೋ ಪದ ಕೇಳಿದ ತಕ್ಷಣ ಕೂಡೋ ಮಕ್ಳು ಇರ್ತಾರೆ, ಅವ್ರು ಇಲ್ಲೇ ಸಿಕ್ತಾರೆ. ಎರಡು ಸಾಲು ಕಡ್ಡಿ ಒಂದರ ಕೆಳಗೊಂದು ಜೋಡಿಸಿ ತೋರಿಸಿ, ಮಿಕ್ಕಿರೋ ಭಾಗ ಯಾವುದು ಅಂತ ಕಣ್ಣಿಗೆ ಕಾಣುತ್ತೆ. ಇಷ್ಟು ಎಲ್ಲರಿಗೂ ಒಟ್ಟಿಗೆ. ಆಮೇಲೆ ಸಂಖ್ಯೆ ಹಂಚಿ. ದಶಕ ಇನ್ನೂ ಗಟ್ಟಿ ಆಗದೋರಿಗೆ 36 ಮತ್ತೆ 14, ಕಡ್ಡಿ ಕಟ್ಟು ಜೊತೆ. ನಡುವಿನವ್ರಿಗೆ 52 ಮತ್ತೆ 27, ಚಿತ್ರ ಬರೆದು. ಐದನೇ ಕ್ಲಾಸವ್ರಿಗೆ ಇಡೀ ತೋಟದ ತೂಕ ಅಂತ ಹೇಳಿ 403 ಮತ್ತೆ 158 ಕೊಡಿ, ಮಧ್ಯದ ಸೊನ್ನೆಗೆ ಎಲ್ಲರೂ ಎಡವ್ತಾರೆ, 355 ಅಂತ ಬರೀತಾರೆ, ಅವ್ರಿಗೂ ಆಗ ಕಟ್ಟು ಬೇಕಾಗುತ್ತೆ. ನೂರರ ಕಟ್ಟು ಒಂದನ್ನ ಬಿಚ್ಚಿದ್ರೆ ಹತ್ತು ಹತ್ತರ ಕಟ್ಟು, ಅದರಲ್ಲೊಂದು ಬಿಚ್ಚಿದ್ರೆ ಉಳಿಯೋದು ಮೂರು ನೂರು, ಒಂಬತ್ತು ಕಟ್ಟು, ಹದಿಮೂರು ಬಿಡಿ. ಆ ಒಂಬತ್ತು ಎಲ್ಲಿಂದ ಬಂತು ಅಂತ ಹೈಸ್ಕೂಲ್ ಮಕ್ಳನ್ನ ಕೇಳಿ ನೋಡಿ ಬೇಕಾದ್ರೆ. ಸಾಮಗ್ರಿ ಅಂದ್ರೆ ದಡ್ಡರಿಗೆ ಅನ್ನೋ ಭಾವನೆ ಹೋಗೋದೂ ಇದ್ರಿಂದಲೇ, ಕಡ್ಡಿ ಡಬ್ಬಿ ಯಾವಾಗ್ಲೂ ಎಲ್ಲರ ಕೈಗೆ ಎಟುಕೋ ಹಾಗಿರ್ಲಿ.

ಆ ಮೂರು ಜನ ಬೇಗ ಮುಗಿಸೋರಿಗೆ ಇನ್ನೂ ಹತ್ತು ಲೆಕ್ಕ ಕೊಡೋದು ಶಿಕ್ಷೆ. ಅದೇ ಲೆಕ್ಕಾನ ತಿರುಗಿಸಿ ಕೊಡಿ: 5_ − 2_ = 25, ಖಾಲಿ ಜಾಗದಲ್ಲಿ ಯಾವ್ಯಾವ ಅಂಕಿ ಬರ್ಬಹುದು, ಎಲ್ಲಾ ಹುಡುಕಿ, ಇನ್ನಿಲ್ಲ ಅಂತ ಹೆಂಗೆ ಗೊತ್ತು ಹೇಳಿ. 50−25, 51−26, 52−27, 53−28, 54−29, ಐದೇ ಐದು. ಉತ್ತರ ಸಿಕ್ಕೋದು ದೊಡ್ಡದಲ್ಲ, ಆರನೇದು ಯಾಕಿಲ್ಲ ಅಂತ ಹೇಳೋವಾಗ ಅವ್ರು ಕಷ್ಟಪಡ್ತಾರೆ, ಎರಡಕ್ಕೂ ಒಂದೊಂದು ಕೂಡಿಸಿದ್ರೆ ವ್ಯತ್ಯಾಸ ಬದಲಾಗಲ್ಲ ಅನ್ನೋದನ್ನ ತಾವೇ ಹಿಡೀತಾರೆ. ಬುದ್ಧಿವಂತ ಮಕ್ಳನ್ನ ಉಳಿದವ್ರಿಗೆ ಹೇಳಿಕೊಡಕ್ಕೆ ದಿನಾ ಕಳಿಸೋದು ನನಗೆ ಇಷ್ಟ ಆಗಲ್ಲ, ಆಗಾಗ ಸರಿ, ಆದ್ರೆ ಅವ್ರಿಗೂ ತಲೆ ಬಿಸಿ ಆಗೋ ಹಕ್ಕಿದೆ.

ಗಲಾಟೆ ಬಗ್ಗೆ. ಹೊಸ ಸಾಮಗ್ರಿ ಕೊಟ್ಟ ಮೊದಲ ದಿನ ಆಡಕ್ಕೇ ಬಿಡಿ, ಗೋಪುರ ಕಟ್ಲಿ, ಕಂಬ ಮಾಡ್ಲಿ, ಆ ಆಸೆ ತೀರದೆ ಲೆಕ್ಕಕ್ಕೆ ಬರಲ್ಲ. ಎರಡನೇ ದಿನದಿಂದ ಎರಡೇ ನಿಯಮ, ಜೋಡಿಗೊಂದು ಡಬ್ಬಿ, ಮುಟ್ಟೋ ಮುಂಚೆ ಸ್ಲೇಟಲ್ಲಿ ಅಂದಾಜು ಬರೀಬೇಕು. ಅಂದಾಜು ಬರೆದ ಮಗುಗೆ ತನ್ನದು ಸರಿ ಬಂತಾ ಅಂತ ನೋಡೋ ಕುತೂಹಲ ಇರುತ್ತೆ, ಗೋಪುರ ಮರೀತಾನೆ. ಶುರುಲಿ ಒಂದು ಗುಂಪಿಗೆ ಮಾತ್ರ ಸಾಮಗ್ರಿ ಕೊಟ್ಟು ನೀವು ಅಲ್ಲೇ ಕೂರಿ, ಉಳಿದವ್ರು ಗೊತ್ತಿರೋ ಲೆಕ್ಕ ಅಭ್ಯಾಸ ಮಾಡ್ಲಿ, ಎಲ್ಲಾ ಗುಂಪಿಗೂ ಒಂದೇ ಸಲ ಡಬ್ಬಿ ಕೊಟ್ರೆ ನೀವು ಪೊಲೀಸ್ ಕೆಲಸ ಮಾತ್ರ ಮಾಡ್ತೀರ. ನಿಮ್ಮ ಮಕ್ಳಿಗೆ ಗುಂಪಲ್ಲಿ ಕೆಲಸ ಮಾಡೋದು ಹೊಸದೇನಲ್ಲ ಅನ್ನೋದೂ ನೆನಪಿರ್ಲಿ. ಮೂರನೇ ಕ್ಲಾಸ್‌ವರೆಗೂ ನಲಿಕಲಿ ಅನ್ನೋ ಚಟುವಟಿಕೆ ಪದ್ಧತಿಲಿ ಗುಂಪಲ್ಲಿ ಕೂತು, ಕಾರ್ಡ್ ತಗೊಂಡು, ಒಂದು ಕಡೆ ಟೀಚರ್ ಸಹಾಯದಲ್ಲಿ ಇನ್ನೊಂದು ಕಡೆ ಗೆಳೆಯರ ಸಹಾಯದಲ್ಲಿ ಕಲಿತು ಬಂದಿದಾರೆ. 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಲಿ ಶುರುವಾಗಿದ್ದು ಅದು, 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ನಾಲ್ಕಕ್ಕೆ ಬಂದ ತಕ್ಷಣ ಸಾಲಾಗಿ ಬೋರ್ಡ್ ಕಡೆ ತಿರುಗಿಸಿ ಕೂರಿಸಿ ಅವ್ರ ಆ ಅಭ್ಯಾಸಾನ ನಾವೇ ಕೆಡಿಸ್ತೀವಿ. ಜೂನ್ ಜುಲೈಲಿ ಶೀಟಿನ ಮೇಲೆ ಮಳೆ ಸುರಿಯೋವಾಗ ಹೆಂಗಿದ್ರೂ ನಿಮ್ಮ ಧ್ವನಿ ಎರಡನೇ ಬೆಂಚಿಗೂ ಕೇಳಲ್ವಲ್ಲ, ಆ ದಿನಗಳಲ್ಲಂತೂ ಜೋಡಿ ಕೆಲಸಾನೇ ಗತಿ.

4 ಮತ್ತೆ 5 ಒಟ್ಟಿಗೆ ಇರೋದಕ್ಕೆ ಗುಣಾಕಾರ ತುಂಬಾ ಒಳ್ಳೆ ಜಾಗ. ನರ್ಸರಿಲಿ ಕಾಫಿ ಗಿಡದ ಪ್ಲಾಸ್ಟಿಕ್ ತೊಟ್ಟೆ ಸಾಲಾಗಿ ಜೋಡಿಸಿರೋದನ್ನ ಎಲ್ಲರೂ ನೋಡಿದಾರೆ, ಬಾಟಲಿ ಮುಚ್ಚಳ ತಗೊಂಡು ನೆಲದ ಮೇಲೆ ಹಾಗೇ ಜೋಡಿಸಕ್ಕೆ ಹೇಳಿ, ಸಾಲಿಗೆ 14 ಗಿಡ, 6 ಸಾಲು. ಮಧ್ಯೆ ಒಂದು ಪೊರಕೆ ಕಡ್ಡಿ ಅಡ್ಡ ಇಟ್ಟು 10 ಮತ್ತೆ 4 ಆಗಿ ಒಡೀರಿ, 60 ಮತ್ತೆ 24, 84. ಐದನೇ ಕ್ಲಾಸು ಅದನ್ನೇ ಚೌಕುಳಿ ಹಾಳೆಲಿ 23 × 14 ಮಾಡ್ಲಿ, ನಾಲ್ಕು ತುಂಡು ಬರುತ್ತೆ, 200, 80, 30, 12, ಕೂಡಿದ್ರೆ 322. ಮಗ್ಗಿ ಬಾಯಿಪಾಠ ಬೇಡ ಅಂತ ನಾನು ಹೇಳಲ್ಲ, ಬೇಕೇ ಬೇಕು, ಆದ್ರೆ ಹದಿನಾಲ್ಕರ ಮಗ್ಗಿ ಮರೆತ ಮಗುಗೆ ಒಡೆದು ಮಾಡೋ ದಾರಿ ಗೊತ್ತಿರ್ಬೇಕು.

ಕೊಯ್ಲು ಕಾಲದಲ್ಲಿ ಒಂದು ಚಟುವಟಿಕೆ ಮಾಡ್ಸಿ, ಮಕ್ಳು ಬಿಡಲ್ಲ ಅದನ್ನ. ಒಂದು ಕಾಫಿ ಹಣ್ಣಲ್ಲಿ ಸಾಮಾನ್ಯವಾಗಿ ಎರಡು ಬೀಜ ಇರುತ್ತಲ್ಲ. ಜೋಡಿಗೆ 12 ಹಣ್ಣು ಕೊಡಿ, ಎಷ್ಟು ಬೀಜ ಬರುತ್ತೆ ಅಂತ ಸ್ಲೇಟಲ್ಲಿ ಬರೆಸಿ, ಆಮೇಲೆ ಹಿಸುಕಿ ತೆಗೆದು ಎಣಿಸ್ಲಿ. ಒಂದು ಜೋಡಿಗೆ 24, ಇನ್ನೊಂದಕ್ಕೆ 23, ಮತ್ತೊಂದಕ್ಕೆ 22 ಬರುತ್ತೆ, ಎಣಿಸಿದ್ದು ತಪ್ಪು ಅಂತ ಜಗಳ ಶುರುವಾಗುತ್ತೆ, ತೋಟದ ಮಗು ಯಾರಾದ್ರೂ ದುಂಡಗಿರೋ ಒಂಟಿ ಬೀಜ ಎತ್ತಿ ತೋರಿಸಿ ಇದು ಪೀಬೆರಿ ಅನ್ನುತ್ತೆ. ಅಲ್ಲಿಂದ ಲೆಕ್ಕ ತಾನಾಗಿ ಬೆಳೆಯುತ್ತೆ. ಎರಡರ ಮಗ್ಗಿ ಬೇಕಾದವ್ರಿಗೆ ಅದು ಸಿಕ್ತು, ಮುಂದಿರೋರಿಗೆ 20 ಹಣ್ಣಿಂದ 37 ಬೀಜ ಬಂದ್ರೆ ಪೀಬೆರಿ ಎಷ್ಟು ಅಂತ ಕೇಳಿ. ಖಾಲಿ ಕಾಯಿ ಬೇಡ, ಗಟ್ಟಿ ಹಣ್ಣೇ ಆರಿಸಿ ಕೊಡಿ, ಇಲ್ಲಾಂದ್ರೆ ಲೆಕ್ಕ ಕೈ ತಪ್ಪುತ್ತೆ. ಭಿನ್ನರಾಶಿಗೆ ಮಾತ್ರ ಕೊಡಗಿನ ಕಿತ್ತಳೆ ಅಂತ ಆಸೆಪಟ್ಟು ತೊಳೆ ಬಿಡಿಸ್ಬೇಡಿ, ತೊಳೆ ಒಂದೇ ಗಾತ್ರ ಇರಲ್ಲ, ಹಣ್ಣಿಂದ ಹಣ್ಣಿಗೆ ಎಣಿಕೆನೂ ಬೇರೆ, ಸಮಭಾಗ ಅನ್ನೋ ಮೂಲ ವಿಚಾರಾನೇ ಕೆಡುತ್ತೆ. ಹಾಳೆ ಮಡಿಸೋದೇ ಸರಿ.

ಹೊರಗಿಂದ ಬಂದ ಮಕ್ಳ ವಿಷ್ಯ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಡಿಸೆಂಬರಲ್ಲಿ ಬಂದು ಕೊಯ್ಲು ಮುಗಿದ ಮೇಲೆ ಹೋಗಿಬಿಡ್ತಾರೆ, ಯಾಕೆ ತಲೆ ಕೆಡಿಸ್ಕೊಳ್ಳೋದು ಅಂತ ಸ್ಟಾಫ್ ರೂಮಲ್ಲಿ ಮಾತು ಬರುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೊಳ್ಳಲೇಬೇಕು, ಟಿಸಿ ಬಂದಿಲ್ಲ ಅಂತ ವಾಪಸ್ ಕಳಿಸಂಗಿಲ್ಲ, ಅದು ಎಲ್ಲರಿಗೂ ಗೊತ್ತು. ಸೇರಿಸಿದ ಮೇಲೆ ಹಿಂದಿನ ಬೆಂಚಲ್ಲಿ ಕೂರಿಸಿಬಿಟ್ರೆ ಸೇರಿಸಿದ ಹಾಗಾಗಲ್ಲ. ಆ ಮಗುಗೆ ಎಲ್ಲಾ ಪಾಠಕ್ಕಿಂತ ಮೊದ್ಲು ಗಣಿತದಲ್ಲೇ ಬಾಗಿಲು ತೆಗೀಬಹುದು. ಕಡ್ಡಿ ಕಟ್ಟಿಗೆ ಭಾಷೆ ಬೇಡ. ಬಂದ ದಿನವೇ ಮೂರು ಕಟ್ಟು ನಾಲ್ಕು ಬಿಡಿ ಇಟ್ಟು ಸ್ಲೇಟ್ ಕೊಡಿ, 34 ಬರೀತಾ ನೋಡಿ, ನೀವು 41 ಬರೀರಿ, ಅದು ಕಡ್ಡಿ ಇಡುತ್ತಾ ನೋಡಿ, ಹದಿನೈದು ನಿಮಿಷದಲ್ಲಿ ಎಲ್ಲಿದೆ ಅಂತ ತಿಳಿಯುತ್ತೆ. ಅದು ತನ್ನ ಭಾಷೆಲೇ ಎಣಿಸ್ಲಿ. ಹಿಂದಿಲಿ ಕಲಿತ ಮಗು ಆದ್ರೆ ಒಂದು ಗಮನಿಸಿ, ನಮ್ಮ ನಲವತ್ತೇಳರಲ್ಲಿ ನಲವತ್ತು ಮೊದ್ಲು ಬರುತ್ತೆ, ಅವ್ರ ಸೈಂತಾಲೀಸಲ್ಲಿ ಏಳರ ಸದ್ದು ಮೊದ್ಲು ಬರುತ್ತೆ, ಕೇಳಿ ಬರೆಯೋವಾಗ 74 ಅಂತ ಬರೆದ್ರೆ ದಡ್ಡತನ ಅಂದ್ಕೋಬೇಡಿ, ಕಟ್ಟು ಇಟ್ಟು ತೋರಿಸಿ ಅಷ್ಟೇ. ಮನೆಲಿ ಕೊಡವ ಭಾಷೆಲಿ ಒಂದ್ ದಂಡ್ ಮೂಂದ್ ಅಂತ ಎಣಿಸೋ ಮಗು, ಮಲಯಾಳಂಲಿ ಎಣಿಸೋ ಮಗು, ಯರವ ಬುಡಕಟ್ಟಿನ ಮಗು, ಎಲ್ಲರಿಗೂ ಒಂದು ದಿನ ಮುಂದೆ ಬಂದು ತಮ್ಮ ಭಾಷೆಲಿ ಹತ್ತರವರೆಗೆ ಕಡ್ಡಿ ಎಣಿಸಕ್ಕೆ ಹೇಳಿ, ಹೊಸ ಮಗು ಆಮೇಲೆ ಬಾಯಿ ಬಿಡುತ್ತೆ.

ಈ ಮಕ್ಳಿಗೆ ಲೆಕ್ಕ ಬರಲ್ಲ ಅನ್ನೋ ಮುಂಚೆ ಸಂತೆಲಿ ಅವ್ರನ್ನ ನೋಡಿ. 27 ರೂಪಾಯಿ ಸಾಮಾನಿಗೆ 52 ಕೊಟ್ರೆ ಚಿಲ್ಲರೆ ಹೆಂಗೆ ಎಣಿಸ್ತಾರೆ? ಮೂರು ಕೊಟ್ಟು ಮೂವತ್ತು, ಇಪ್ಪತ್ತು ಕೊಟ್ಟು ಐವತ್ತು, ಇನ್ನೆರಡು, ಇಪ್ಪತ್ತೈದು. ಪಕ್ಕಾ ಗಣಿತ ಅದು, ಪುಸ್ತಕದ ರೂಪದಲ್ಲಿ ಇಲ್ಲ ಅಷ್ಟೇ. ಬ್ರೆಜಿಲ್‌ನ ರೆಸಿಫೆಲಿ ಬೀದಿ ವ್ಯಾಪಾರ ಮಾಡೋ ಮಕ್ಳನ್ನ ಇಟ್ಕೊಂಡು ಮಾಡಿ 1985ರಲ್ಲಿ ಪ್ರಕಟ ಆದ ಅಧ್ಯಯನ ಒಂದಿದೆ, ವ್ಯಾಪಾರದ ಜಾಗದಲ್ಲಿ ಕೇಳಿದ ಲೆಕ್ಕಕ್ಕೆ ನೂರಕ್ಕೆ 98 ಸರಿ, ಅದೇ ಲೆಕ್ಕಾನ ಕಾಗದದಲ್ಲಿ ಶಾಲೆ ಥರ ಬರೆದು ಕೊಟ್ರೆ ನೂರಕ್ಕೆ 37. ನೋಡಿದ್ದು ಐದೇ ಮಕ್ಳನ್ನ, ಆದ್ರೆ 2025ರಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತೆ ಜೊತೆಯವ್ರು ದೆಹಲಿ, ಕೊಲ್ಕತ್ತಾ ಮಾರ್ಕೆಟಿನ ತುಂಬಾ ಮಕ್ಳನ್ನ ನೋಡಿದಾಗ್ಲೂ ಅದೇ ಸಿಕ್ತು, ಜೊತೆಗೆ ಉಲ್ಟಾನೂ ಸಿಕ್ತು, ಶಾಲೆ ಲೆಕ್ಕ ಮಾಡೋ ಮಕ್ಳಿಗೆ ಮಾರ್ಕೆಟ್ ಲೆಕ್ಕ ಬರ್ಲಿಲ್ಲ. ಹಾಗಾಗಿ ಆ ಚಿಲ್ಲರೆ ದಾರಿನ ಬೋರ್ಡಲ್ಲಿ ಗೆರೆ ಎಳೆದು ಬರೀರಿ, 27ರಿಂದ 30ಕ್ಕೆ ಒಂದು ನೆಗೆತ, 50ಕ್ಕೆ ಒಂದು, 52ಕ್ಕೆ ಒಂದು. ಪಕ್ಕದಲ್ಲಿ ಕಟ್ಟು ಬಿಚ್ಚಿದ ದಾರಿ. ಎರಡೂ 25. ಉತ್ತರಪತ್ರಿಕೆಲಿ ಯಾವ ದಾರಿಲಿ ಬರೆದ್ರೂ ಅಂಕ ಕೊಡಿ.

ಸಾಮಗ್ರಿ ಬಗ್ಗೆ ಎರಡು ಎಚ್ಚರ. ಗುಲಗಂಜಿ ನೋಡಕ್ಕೆ ಚೆಂದ ಅಂತ ಎಣಿಸಕ್ಕೆ ಇಡ್ತಾರೆ, ದಯವಿಟ್ಟು ಬೇಡ, ಬೀಜ ಒಡೆದು ಬಾಯಿಗೆ ಹೋದ್ರೆ ಕಡು ವಿಷ, ಪ್ರಾಣಕ್ಕೇ ಅಪಾಯ. ಹುಣಸೆ ಬೀಜ, ಬಾಟಲಿ ಮುಚ್ಚಳ ಸಾಕು. ಮತ್ತೆ ನಮ್ಮ ಮಳೆಗೆ ಕಡ್ಡಿ ಕಾರ್ಡ್ ಎಲ್ಲಾ ಬೂಸ್ಟು ಹಿಡಿಯುತ್ತೆ, ರಬ್ಬರ್ ಬ್ಯಾಂಡ್ ಅಂಟಿ ಕಿತ್ತೋಗುತ್ತೆ. ಮುಚ್ಚಳ ಗಟ್ಟಿ ಇರೋ ಪ್ಲಾಸ್ಟಿಕ್ ಡಬ್ಬಿಲಿ ಇಡಿ, ಬಿಸಿಲು ಬಂದ ದಿನ ಮಕ್ಳ ಕೈಲೇ ಹೊರಗೆ ಹರಡ್ಸಿ ಎಣಿಸಿ ಒಳಗಿಡ್ಸಿ, ಅದೂ ಒಂದು ಗಣಿತ ಪೀರಿಯಡ್ಡೇ.

ಪೋರ್ಷನ್. ದಶಕ ಬಿಚ್ಚೋದಕ್ಕೆ ಮೂರು ವಾರ ಹೋಯ್ತು ಅಂತ ಹೆದರ್ಬೇಡಿ, ಅದು ಬಂದ್ರೆ ಮುಂದೆ ಭಾಗಾಕಾರ, ದಶಮಾಂಶ, ಅಳತೆ ಪರಿವರ್ತನೆ ಎಲ್ಲದ್ರಲ್ಲೂ ಸಮಯ ವಾಪಸ್ ಸಿಗುತ್ತೆ, ಬರದೇ ಇದ್ರೆ ಮುಗಿಸಿದ ಪೋರ್ಷನ್ ಮುಗಿದ ಹಾಗಲ್ಲ. ನಾಲ್ಕನೇ ಕ್ಲಾಸಲ್ಲಿ ಎರಡನೇ ಕ್ಲಾಸಿನ ಕೆಲಸ ಯಾಕೆ ಅಂತ ಮೇಲಿನವ್ರು ಕೇಳಿದ್ರೆ ಉತ್ತರ ಅವ್ರದ್ದೇ ಆದೇಶಗಳಲ್ಲಿದೆ. 2021ರ ನಿಪುಣ್ ಭಾರತ್ ಅನ್ನೋ ಕೇಂದ್ರ ಸರ್ಕಾರದ ಯೋಜನೆ ಹೇಳೋದು ಮೂರನೇ ಕ್ಲಾಸ್ ಮುಗಿಯೋಷ್ಟರಲ್ಲಿ ಬುನಾದಿ ಸಂಖ್ಯಾಜ್ಞಾನ ಎಲ್ಲಾ ಮಕ್ಳಿಗೂ ಬರ್ಬೇಕು ಅಂತ, ಬಂದಿಲ್ದೇ ಇರೋ ಮಗು ಮುಂದೆ ಕೂತಿರೋವಾಗ ಅಲ್ಲಿಂದ ಶುರು ಮಾಡೋದೇ ನಿಯಮ ಪಾಲನೆ. ಆ ಚೀಟಿಗಳನ್ನ ದಿನಾಂಕ ಹಾಕಿ ಎತ್ತಿಡಿ. ಜುಲೈಲಿ 35 ಬರೆದಿದ್ದ ಮಗು ಸೆಪ್ಟೆಂಬರಲ್ಲಿ ಕಟ್ಟಿನ ಚಿತ್ರ ಬರೆದು 25 ಅಂತ ಬರೆದಿರೋದನ್ನ ಪಕ್ಕಪಕ್ಕ ಇಟ್ಟು ತೋರಿಸಿ, ಬಾಯಿ ಮಾತು ಬೇಕಾಗಲ್ಲ.

ಕೊಯ್ಲು ಮುಗಿದು ಮಗು ಹೊರಡೋ ದಿನ ಅದರ ಚೀಟಿಗಳನ್ನ ಅದಕ್ಕೇ ಕೊಟ್ಟು ಕಳಿಸಿ. ಜೊತೆಗೆ ಒಂದು ಹಾಳೆಲಿ ಅದಕ್ಕೆ ಬರೋ ಲೆಕ್ಕ ಒಂದಷ್ಟು, ಅರ್ಧ ಬರೋದು ಒಂದೆರಡು, ಗೆರೆ ಚುಕ್ಕಿ ಚಿತ್ರದ ಸಮೇತ ಮಗು ಕೈಲೇ ಬರೆಸಿ. ಕನ್ನಡದಲ್ಲಿ ಷರಾ ಬರೆದ್ರೆ ಅಲ್ಲಿನ ಟೀಚರ್‌ಗೆ ಓದಕ್ಕೆ ಬರಲ್ಲ, 52 − 27 ಮಾಡಿರೋದನ್ನ ಯಾವ ಊರಿನ ಟೀಚರ್ ಬೇಕಾದ್ರೂ ಓದ್ಬಹುದು.